ಬ್ಲಾಕ್ ಮಾಡೆಲ್ ಮರ್ಜ್ ಮಾಡಿದ್ರೆ ಅದಿರು ವೇಸ್ಟ್ ಲೆಕ್ಕಕ್ಕೆ ಹೋಗ್ತಿದೆ, ದಯವಿಟ್ಟು ಸರಿ ಮಾಡಿ

ಸಪೋರ್ಟ್ ಟೀಮ್‌ನವರಿಗೆ ನಮಸ್ಕಾರ,

ನಾನು ಸಂಡೂರು ಕಡೆ ಕಬ್ಬಿಣದ ಅದಿರಿನ ಗಣಿಯೊಂದ್ರಲ್ಲಿ ಜಿಯಾಲಜಿಸ್ಟ್. ನಿಮ್ಮ ಸಾಫ್ಟ್‌ವೇರಲ್ಲಿ ಎರಡು ಬ್ಲಾಕ್ ಮಾಡೆಲ್ (ಗುಡ್ಡವನ್ನ ಚೌಕ ತುಂಡುಗಳಾಗಿ ಭಾಗ ಮಾಡಿ ಒಂದೊಂದರಲ್ಲಿ ಎಷ್ಟು ಅದಿರು ಅಂತ ಹಾಕಿರೋ ಕಂಪ್ಯೂಟರ್ ಲೆಕ್ಕ) ಸೇರಿಸೋ, ಅಂದ್ರೆ ಮರ್ಜ್ ಮಾಡೋ ಟೂಲ್ ಬಗ್ಗೆ ಫೋನಲ್ಲೂ ಹೇಳಿದೀನಿ, ಟಿಕೆಟ್ಟೂ ಹಾಕಿದೀನಿ, ಪ್ರತಿ ಸಲ "ನಿಮ್ಮ ಡೇಟಾ ಚೆಕ್ ಮಾಡ್ಕೊಳ್ಳಿ" ಅಂತ ಹೇಳಿ ಟಿಕೆಟ್ ಕ್ಲೋಸ್ ಮಾಡ್ತಾರೆ. ಅದಕ್ಕೇ ಬಿಡಿಸಿ ಬರೀತಿದೀನಿ.

ನಮ್ಮ ಹತ್ರ ಗುಡ್ಡದ ಉತ್ತರ ಭಾಗದ ಹಳೇ ಮಾಡೆಲ್ ಇದೆ, 25×25×10 ಮೀಟರ್ ಬ್ಲಾಕ್. ದಕ್ಷಿಣಕ್ಕೆ ಹೊಸ ಡ್ರಿಲ್ಲಿಂಗ್ ಆದ್ಮೇಲೆ ಇನ್ನೊಂದು ಮಾಡಿದ್ವಿ, ಅದಿರು ಮತ್ತೆ ಬಿಎಚ್‌ಕ್ಯೂ (ಕಬ್ಬಿಣ ಕಮ್ಮಿ ಇರೋ ಪಟ್ಟೆ ಪಟ್ಟೆ ಹೆಮಟೈಟ್-ಕ್ವಾರ್ಟ್ಜೈಟ್ ಕಲ್ಲು) ಸೇರೋ ಗಡಿ ಸರಿಯಾಗಿ ಸಿಗ್ಲಿ ಅಂತ ಅದ್ರಲ್ಲಿ ಬ್ಲಾಕಿನೊಳಗೇ 5×5×2 ಮೀಟರಿನ ಚಿಕ್ಕ ಸಬ್‌ಬ್ಲಾಕ್ ಇಟ್ಟಿದೀವಿ. ಎರಡಕ್ಕೂ ಒರಿಜಿನ್ (ಅಳತೆ ಶುರುವಾಗೋ ಬಿಂದು) ಒಂದೇ, ರೊಟೇಶನ್ನೂ ಒಂದೇ (ಇಲ್ಲಿ ಪದರಗಳು ಉತ್ತರ-ವಾಯವ್ಯಕ್ಕೆ ಓಡೋದ್ರಿಂದ ಮಾಡೆಲ್ ತಿರುಗಿಸ್ಲೇಬೇಕು), ಹಾಗಾಗಿ ತೊಂದ್ರೆ ಅಲ್ಲಿಲ್ಲ.

ತೊಂದ್ರೆ ಇರೋದು -99ರಲ್ಲಿ. ಸ್ಯಾಂಪಲ್ ಸಿಗದೇ ಗ್ರೇಡ್ (ಕಬ್ಬಿಣದ ಶೇಕಡಾ ಪ್ರಮಾಣ) ಹಾಕೋಕಾಗದ ಸಬ್‌ಬ್ಲಾಕಿಗೆ "ಡೇಟಾ ಇಲ್ಲ" ಅನ್ನೋ ಗುರುತಾಗಿ ನಿಮ್ಮ ಸಾಫ್ಟ್‌ವೇರೇ -99 ತುಂಬುತ್ತೆ, ಆಮೇಲೆ ಮರ್ಜ್ ಮಾಡಿ ದೊಡ್ಡ ಬ್ಲಾಕಿಗೆ ತರೋವಾಗ ಅದನ್ನೇ ನಿಜವಾದ ಗ್ರೇಡ್ ಅಂತ ಸರಾಸರಿಗೆ ಸೇರಿಸುತ್ತೆ. ಒಂದು ಬ್ಲಾಕಲ್ಲಿ ಶೇ 90 ಜಾಗ 60 ಎಫ್‌ಇ (ಅಂದ್ರೆ ಶೇ 60 ಕಬ್ಬಿಣ), ಶೇ 10 ಜಾಗ -99 ಇದ್ರೆ ಉತ್ತರ 44.1 ಬರುತ್ತೆ. ಹೆಮಟೈಟ್ ಅದಿರಿಗೆ ಐಬಿಎಂ (ಕೇಂದ್ರದ ಇಂಡಿಯನ್ ಬ್ಯೂರೋ ಆಫ್ ಮೈನ್ಸ್) ಇಟ್ಟಿರೋ ಥ್ರೆಶೋಲ್ಡ್, ಅಂದ್ರೆ ಕನಿಷ್ಠ ಗ್ರೇಡ್, 45. ಅಂದ್ರೆ ಒಳ್ಳೇ ಅದಿರಿನ ಬ್ಲಾಕ್ ಒಂದು ಕ್ಲಿಕ್ಕಲ್ಲಿ ಥ್ರೆಶೋಲ್ಡ್ ಕೆಳಗೆ ಬಿತ್ತು, ಬ್ಲಾಕ್ ಒಂದಕ್ಕೆ 6,250 ಘನ ಮೀಟರ್, ಡೆನ್ಸಿಟಿ (ಘನ ಮೀಟರಿಗೆ ಎಷ್ಟು ಟನ್ ಅಂತ) 3.8 ಹಿಡಿದ್ರೂ 23,750 ಟನ್ ಅದಿರಿನ ಲೆಕ್ಕದಿಂದ್ಲೇ ಹೊರಗೆ. ಇಷ್ಟಾದ್ರೂ ಲಾಗಲ್ಲಿ ಒಂದು ವಾರ್ನಿಂಗ್ ಇಲ್ಲ, "ಸಕ್ಸಸ್‌ಫುಲ್" ಅಂತ ಹಸಿರಲ್ಲಿ ಬರುತ್ತೆ, ನನಗೆ ನಿಜವಾಗ್ಲೂ ಸಿಟ್ಟು ಬರೋದು ಇದಕ್ಕೇ.

ಇನ್ನೊಂದು, ಸರಾಸರಿ ತೆಗೆಯೋದು ಬರೀ ವಾಲ್ಯೂಮ್ ಮೇಲೆ. ಅರ್ಧ ಬ್ಲಾಕ್ 62 ಗ್ರೇಡ್ ಅದಿರು ಡೆನ್ಸಿಟಿ 4, ಇನ್ನರ್ಧ 38 ಗ್ರೇಡ್ ಬಿಎಚ್‌ಕ್ಯೂ ಡೆನ್ಸಿಟಿ 3 ಇದ್ರೆ ಟನ್ ಮೇಲೆ 51.7 ಬರ್ಬೇಕು, ನಿಮ್ಮ ಟೂಲ್ 50 ಕೊಡುತ್ತೆ. ಎರಡು ಮಾಡೆಲ್ ಒಂದ್ರ ಮೇಲೊಂದು ಬರೋ ಜಾಗದಲ್ಲಂತೂ ಯಾವುದನ್ನ ಕೊನೆಗೆ ಲೋಡ್ ಮಾಡಿದ್ವೋ ಅದೇ ಉಳಿಯುತ್ತೆ, ಹೊಸ ಡ್ರಿಲ್ಲಿಂಗ್ ಡೇಟಾ ಹಳೇದ್ರ ಕೆಳಗೆ ಮುಚ್ಚಿಹೋದ್ರೂ ಕೇಳೋರಿಲ್ಲ.

ಇದು ಸ್ಕ್ರೀನ್ ಮೇಲಿನ ಬಣ್ಣದ ವಿಷ್ಯ ಅಲ್ಲ ಸಾರ್. ಇದೇ ಮಾಡೆಲಿಂದ ಪಿಟ್ ಡಿಸೈನ್, ಮೈನಿಂಗ್ ಪ್ಲಾನ್ ಎಲ್ಲ ಹೋಗುತ್ತೆ, ರಿಸರ್ವ್ ಫಿಗರ್ ಐಬಿಎಂಗೆ ಸಹಿ ಮಾಡಿ ಕೊಡ್ತೀವಿ. ಬಳ್ಳಾರಿ ಗಣಿಗಳಿಗೆ ಸುಪ್ರೀಂ ಕೋರ್ಟ್ ಹಾಕಿರೋ ವಾರ್ಷಿಕ ಮಿತಿ 2022ರಲ್ಲಿ 28ರಿಂದ 35 ಮಿಲಿಯನ್ ಟನ್‌ಗೆ ಏರಿದ್ರೂ ಇಲ್ಲಿ ಟನ್ ಟನ್ನಿಗೂ ಲೆಕ್ಕ ಕೊಡ್ಬೇಕು. ಅದಿರನ್ನ ವೇಸ್ಟ್ ಅಂತ ಡಂಪಿಗೆ (ವೇಸ್ಟ್ ಕಲ್ಲುಮಣ್ಣಿನ ರಾಶಿಗೆ) ಸುರಿದ್ರೆ ಆ ಡಂಪ್ ನಿಲ್ಲೋದೂ ಇದೇ ಗುಡ್ಡದ ಮೇಲೇ.

ನಾವೀಗ ಮರ್ಜ್‌ಗೆ ಮುಂಚೆ -99 ಬಿಟ್ಟು ಟನ್ ಮೇಲೆ ಸರಾಸರಿ ಹಾಕೋಕೆ ಬೇರೆ ಸ್ಕ್ರಿಪ್ಟ್ ಬರ್ಕೊಂಡು ಕೆಲಸ ಸಾಗಿಸ್ತಿದೀವಿ, ಆ ಸ್ಕ್ರಿಪ್ಟನ್ನೂ ಎರಡು ಮಾಡೆಲಿನ ತುಂಡನ್ನೂ ಈ ಮೇಲ್ ಜೊತೆ ಕಳಿಸಿದೀನಿ. ನೀವೇ ರನ್ ಮಾಡಿ ನೋಡಿ. ಸೇರಿಸೋಕೆ ಮುಂಚಿನ ಒಟ್ಟು ಟನ್, ಸೇರಿಸಿದ ಮೇಲಿನ ಒಟ್ಟು ಟನ್ ಎರಡನ್ನೂ ಟೂಲೇ ತೋರಿಸ್ಬೇಕು, ಓವರ್‌ಲ್ಯಾಪಲ್ಲಿ ಯಾವ ಮಾಡೆಲ್ ಉಳೀಬೇಕು ಅಂತ ನಮ್ಮನ್ನ ಕೇಳ್ಬೇಕು. ಪ್ಯಾಚ್ ಯಾವಾಗ ಬರುತ್ತೆ ಅಂತ ತಾರೀಕು ಹಾಕಿ ಲಿಖಿತವಾಗಿ ತಿಳಿಸಿ, ಅಲ್ಲೀವರೆಗೂ ಈ ಮಾಡ್ಯೂಲಿನ ಎಎಂಸಿ (ವಾರ್ಷಿಕ ನಿರ್ವಹಣೆ) ಬಿಲ್ ಕಳಿಸ್ಬೇಡಿ.

ಇಂತಿ,
ಗಣಿಯ ಜಿಯಾಲಜಿ ಸೆಕ್ಷನ್‌ನಿಂದ, ಸಂಡೂರು