21–3

ಕಳೆದ ತಿಂಗಳ ನಮ್ಮ ಸಂಘದ ಬ್ಯಾಡ್ಮಿಂಟನ್ ಪಂದ್ಯಾವಳಿಯಲ್ಲಿ, ಮೊದಲ ಸುತ್ತಿನ ಒಂದು ಗೇಮ್ 21–3ಕ್ಕೆ ಮುಗಿಯಿತು. ಕೋರ್ಟ್ ಪಕ್ಕದಲ್ಲಿ ಅಂಕ ಬರೆಯಲು ಕೂತವನು ನಾನೇ. ಸೋತವರು ವಾರಕ್ಕೊಮ್ಮೆ ಆಡುವ ಸದಸ್ಯರು, ಈ ಪಂದ್ಯಕ್ಕೆಂದೇ ಹೊಸ ಶೂ ಕೊಂಡವರು. ಗೆದ್ದವನು ವಾರಕ್ಕೆ ಐದು ದಿನ ಕೋಚ್ ಕೈಕೆಳಗೆ ಪಳಗಿದ ಹುಡುಗ. ಅವನು ಒಂದು ಸ್ಮ್ಯಾಷನ್ನೂ ಜೋರಾಗಿ ಹೊಡೆಯಲಿಲ್ಲ. ಷಟಲನ್ನು ಒಮ್ಮೆ ಹಿಂದಿನ ಗೆರೆಗೆ, ಒಮ್ಮೆ ನೆಟ್ ಪಕ್ಕಕ್ಕೆ ಇಡುತ್ತಾ ಹೋದ, ಅಷ್ಟೇ. ಎದುರಿನವರು ಓಡಿದರು, ಓಡಿದರು, ಎರಡನೇ ಗೇಮ್ ಅರ್ಧಕ್ಕೆ ಬರುವಷ್ಟರಲ್ಲಿ ಓಡುವುದನ್ನೇ ಬಿಟ್ಟರು. ಕೈಕುಲುಕುವಾಗ ಇಬ್ಬರ ಮುಖದಲ್ಲೂ ಗೆಲುವಿರಲಿಲ್ಲ.

ಮರುದಿನದಿಂದ ದೂರುಗಳು ಬಂದವು: ವೃತ್ತಿಪರರನ್ನು ಯಾಕೆ ಸೇರಿಸಿಕೊಂಡಿರಿ? ಆದರೆ ಆ ಹುಡುಗನಿಗೆ ಆಟದಿಂದ ಬಿಡಿಗಾಸೂ ಬಂದಿಲ್ಲ. ‘ಹವ್ಯಾಸಿಗಳಿಗೆ ಮಾತ್ರ’ ಎಂದು ನಾವು ಅಚ್ಚು ಹಾಕಿಸಿದ್ದ ಪ್ರವೇಶಪತ್ರದ ಪ್ರಕಾರ ಅವನು ನೂರಕ್ಕೆ ನೂರು ಹವ್ಯಾಸಿ. ತಪ್ಪು ನಮ್ಮ ಪ್ರವೇಶಪತ್ರದ್ದು.

ಹಣ ಪಡೆದವನು ಯಾರು, ಪಡೆಯದವನು ಯಾರು ಎಂದು ಗೆರೆ ಎಳೆಯುವ ಈ ಚಾಳಿ ಬಹಳ ಹಳೆಯದು. ಇಂಗ್ಲೆಂಡಿನ ಕ್ರಿಕೆಟ್‌ನಲ್ಲಿ 1806ರಲ್ಲಿ ಶುರುವಾದ, ಹವ್ಯಾಸಿ ‘ಜಂಟಲ್‌ಮೆನ್’ ಮತ್ತು ವೃತ್ತಿಪರ ‘ಪ್ಲೇಯರ್ಸ್’ ನಡುವಿನ ಪಂದ್ಯ 1962ರವರೆಗೂ ಉಳಿಯಿತು. ಇಬ್ಬರಿಗೂ ಡ್ರೆಸ್ಸಿಂಗ್ ರೂಮ್ ಬೇರೆ, ಮೈದಾನಕ್ಕಿಳಿಯುವ ಗೇಟೂ ಬೇರೆ. ಆದರೂ ‘ಜಂಟಲ್‌ಮನ್’ ಎನಿಸಿಕೊಂಡ ಡಬ್ಲ್ಯು. ಜಿ. ಗ್ರೇಸ್ ವೃತ್ತಿಪರರಿಗಿಂತ ಹೆಚ್ಚು ಹಣವನ್ನು ಕ್ರಿಕೆಟ್‌ನಿಂದಲೇ ಗಳಿಸಿದರು. ಅತ್ತ ಅಮೆರಿಕದ ಅಥ್ಲೀಟ್ ಜಿಮ್ ಥಾರ್ಪ್ 1912ರ ಒಲಿಂಪಿಕ್ಸ್‌ನಲ್ಲಿ ಗೆದ್ದ ಎರಡು ಚಿನ್ನವನ್ನು ಮರುವರ್ಷವೇ ಅವರಿಂದ ಕಿತ್ತುಕೊಳ್ಳಲಾಯಿತು. ಅದಕ್ಕೂ ಮೊದಲು ಅವರು ಪುಡಿಗಾಸಿಗೆ ಬೇಸ್‌ಬಾಲ್ ಆಡಿದ್ದರೆಂಬುದೇ ಕಾರಣ. ಏಕೈಕ ವಿಜೇತ ಎಂಬ ಮನ್ನಣೆ ಅವರಿಗೆ ಮರಳಿ ಸಿಕ್ಕಿದ್ದು 2022ರಲ್ಲಿ, ತೀರಿಕೊಂಡು ಸುಮಾರು ಎಪ್ಪತ್ತು ವರ್ಷವಾದ ಮೇಲೆ. ಇದನ್ನು ನೆನೆದಾಗಲೆಲ್ಲ ನನಗೆ ಹೊಟ್ಟೆ ಉರಿಯುತ್ತದೆ.

1968ರಲ್ಲಿ ಟೆನಿಸ್ ಹವ್ಯಾಸಿ, ವೃತ್ತಿಪರ ಇಬ್ಬರಿಗೂ ಬಾಗಿಲು ತೆರೆಯಿತು. ಇಂಗ್ಲೆಂಡಿನ ಬೋರ್ನ್‌ಮತ್‌ನ ಮೊದಲ ಮುಕ್ತ ಟೂರ್ನಿಯಲ್ಲೇ ಹವ್ಯಾಸಿ ಮಾರ್ಕ್ ಕಾಕ್ಸ್, ವೃತ್ತಿಪರರ ದೊರೆ ಪಾಂಚೋ ಗೊನ್ಸಾಲೆಸ್ ಅವರನ್ನು ಮಣಿಸಿದರು. ಅದೇ ವರ್ಷದ ಯುಎಸ್ ಓಪನ್ ಫೈನಲ್‌ನಲ್ಲಿ ಆರ್ಥರ್ ಆ್ಯಷ್ ಐದು ಸೆಟ್‌ಗಳ ಕಾದಾಟದಲ್ಲಿ ಟಾಮ್ ಓಕರ್ ವಿರುದ್ಧ ಗೆದ್ದರು. ಆ್ಯಷ್ ಹವ್ಯಾಸಿ, ಹಾಗಾಗಿ ಬಹುಮಾನದ 14,000 ಡಾಲರ್ ಸೋತ ಓಕರ್ ಕೈಸೇರಿತು, ಗೆದ್ದವರಿಗೆ ದಿನಕ್ಕೆ 20 ಡಾಲರ್ ಭತ್ಯೆ. ಮೊದಲ ಸೆಟ್ಟೇ 14–12. ಇವರಲ್ಲಿ ಒಬ್ಬರು ಮೇಲು, ಒಬ್ಬರು ಕೀಳು ಎಂದು ಯಾವ ಬಾಯಲ್ಲಿ ಹೇಳುವುದು?

ಆದ್ದರಿಂದ ನೋಡಬೇಕಾದದ್ದು ಆಟದ ಮಟ್ಟ. ಅದೂ ಎಲ್ಲ ಆಟಕ್ಕೂ ಒಂದೇ ಅಳತೆಯಲ್ಲಿ ಅಲ್ಲ. ಮ್ಯಾರಥಾನ್‌ನಲ್ಲಿ ಜಗತ್ತಿನ ಅತಿ ವೇಗದ ಓಟಗಾರನೂ ನಾನೂ ಒಂದೇ ರಸ್ತೆಯಲ್ಲಿ ಓಡಬಹುದು. ಅವನು ಮುಂದೆ ಹೋದರೆ ನನ್ನ ಓಟವೇನೂ ಕೆಡುವುದಿಲ್ಲ. ಗಾಲ್ಫ್‌ನಲ್ಲಿ ಹ್ಯಾಂಡಿಕ್ಯಾಪ್ ಇದೆ, ದುರ್ಬಲನಿಗೆ ಅಷ್ಟು ಹೊಡೆತಗಳ ರಿಯಾಯಿತಿ. ಆದರೆ ನೆಟ್‌ನ ಆಚೆ ಈಚೆ ನಿಂತು ಆಡುವಾಗ ಎದುರಾಳಿ ಬಿಟ್ಟುಕೊಟ್ಟಷ್ಟೇ ನನ್ನ ಆಟ. ಅಂತರ ಅತಿಯಾದರೆ ಆಡುವುದಕ್ಕೇ ಏನೂ ಉಳಿಯುವುದಿಲ್ಲ. ಬಾಕ್ಸಿಂಗ್‌ನಲ್ಲಂತೂ ಮೈಗೇ ಅಪಾಯ.

ಹಾಗೆಂದು ಆ ಹುಡುಗನನ್ನು ಹೊರಗಿಡಬೇಕೆಂಬ ಸಲಹೆಯನ್ನು ನಾನು ಸಮಿತಿಯಲ್ಲಿ ಗಟ್ಟಿಯಾಗಿ ವಿರೋಧಿಸಿದೆ. ಚೆನ್ನಾಗಿ ಆಡುವುದು ಅಪರಾಧವಲ್ಲ. ಬಲಿಷ್ಠನೆಂದು ಗೊತ್ತಿದ್ದೇ ಎದುರಿಸುವುದು ಬೇರೆ, ಗೊತ್ತಿಲ್ಲದೆ ಸಿಕ್ಕಿಬೀಳುವುದು ಬೇರೆ. ಮುಂದಿನ ವರ್ಷದಿಂದ ಎರಡು ವಿಭಾಗ: ಒಂದು ಎಲ್ಲರಿಗೂ ಮುಕ್ತ, ಇನ್ನೊಂದು ತರಬೇತಿ ಇಲ್ಲದವರಿಗೆ. ಪ್ರವೇಶಪತ್ರದಲ್ಲಿ ಹಣದ ಮಾತಿಲ್ಲ. ಎಷ್ಟು ವರ್ಷ ಕೋಚಿಂಗ್, ಯಾವ ಮಟ್ಟದ ಪಂದ್ಯ ಆಡಿದ್ದೀರಿ ಎಂದು ಕೇಳುತ್ತೇವೆ. ದಯವಿಟ್ಟು ನಿಜ ಬರೆಯಿರಿ.

ಮೊನ್ನೆ ಆ ಹೊಸ ಶೂಗಳ ಸದಸ್ಯರು ಫೋನ್ ಮಾಡಿದ್ದರು. ಎರಡೂ ವಿಭಾಗಕ್ಕೆ ಹೆಸರು ಕೊಡಬಹುದೇ ಎಂದು ಕೇಳಿದರು. ಧಾರಾಳವಾಗಿ ಕೊಡಿ ಎಂದೆ.