ರವಿವಾರದ ವೈನ್ ಬಗ್ಗೆ, ಎಲ್ಲಾರೂ ಪೂರಾ ಓದ್ರಿ

ನಮಸ್ಕಾರ್ರೀ ಎಲ್ಲಾರಿಗೂ. ರವಿವಾರ ಸಂಜಿ 7ಕ್ಕ ವಿದ್ಯಾನಗರದಾಗ ನಮ್ಮ ಮನಿ ಮಾಳಿಗಿ ಮ್ಯಾಲ ಸೇರೂದು ಪಕ್ಕಾ ಆತು. ನಮ್ಮ ಕಾಕಾನ ಮಗ ನ್ಯೂಜಿಲೆಂಡಿಂದ ಮಾರ್ಲ್‌ಬರೋ ಕಡಿ ಸೋವಿನ್ಯೋ ಬ್ಲಾಂ ವೈಟ್ ವೈನ್ ತಂದಾನ್ರಿ, ಒಂದ ಬಾಟ್ಲಿ, 750 ಎಂಎಲ್, ನಾವು ಆರು ಮಂದಿಗೆ ತಲಾ 125 ಬರ್ತೈತಿ, ಅದಕ್ಕ ಮತ್ತ ಯಾರನ್ನೂ ಕರ್ಕೊಂಡ ಬರಬ್ಯಾಡ್ರಿ.

ಅಲ್ಲಿ ಹಗಲಿ ಚಲೋ ಬಿಸಲು, ರಾತ್ರಿ ಥಂಡಿ, ಹಿಂಗಾಗಿ ದ್ರಾಕ್ಷಿ ಸಾವಕಾಶ ಹಣ್ಣಾಗ್ತಾವ, ಹುಳಿ ಹಂಗ ಉಳಿತೈತಿ, ನಮ್ಮ ಕಡಿ ಬ್ಯಾಸಗಿ ಬಿಸಲಿಗೆ ಆ ಹುಳಿ ಲಗೂನ ಇಳದ ಬಿಡತೈತ್ರಿ. 1973ರಾಗ ಅಲ್ಲಿ ದೊಡ್ಡ ತ್ವಾಟ ಹಚ್ಚಾಕ ಶುರು ಮಾಡಿದ್ರು, ಈಗ ಜಗತ್ತಿನಾಗ ಹೆಸರ ಮಾಡೇತಿ. ಗ್ಲಾಸಿಗೆ ಹಾಕಿದ ಕೂಡ್ಲೆ ಕುಡಿಬ್ಯಾಡ್ರಿ, ಮೊದಲ ಮೂಸಿ ನೋಡ್ರಿ, ಆಗಷ್ಟ ಹೆಚ್ಚಿದ ಹಸಿರು ಡಬ್ಬ ಮೆಣಸಿನಕಾಯಿ ವಾಸನಿ ಬರ್ತೈತಿ, ಎರಡರಾಗೂ ಒಂದ ನಮೂನಿ ವಸ್ತು ಐತ್ರಿ, ನನಗಂತೂ ಇದ ಭಾಳ ಖುಷಿ ಕೊಡೂ ಮಾತು.

ಹೋದ ಸಲ ಐಸ್ ಹಾಕಿ ನೀರ ನೀರ ಮಾಡಿದ್ವಿ, ಮನಸಿಗೆ ಭಾಳ ಕೆಟ್ಟ ಅನಿಸ್ತು. ಈ ಸಲ ಐಸ್ ಬ್ಯಾಡ, ಸೋಡಾನೂ ಬ್ಯಾಡ, ಫ್ರಿಜ್ಜಿನಾಗಿಟ್ಟು 8-10 ಡಿಗ್ರಿಗೆ ನಾನ ತಗದ ಕೊಡ್ತೇನಿ. ತಿನ್ನಾಕ ಸವತಿಕಾಯಿ ಕೋಸಂಬ್ರಿ, ಲಿಂಬಿ ಹಿಂಡಿದ ಗಿರ್ಮಿಟ್ ತರ್ರಿ. ಮಿರ್ಚಿ ಬ್ಯಾಡ, ಖಾರದ ಮ್ಯಾಲ ಆಲ್ಕೋಹಾಲ್ ಬಿದ್ರ ಬಾಯಿ ಇನ್ನೂ ಉರಿತೈತಿ. ಗಾಡಿ ತರಬ್ಯಾಡ್ರಿ, ಆಟೋದಾಗ ಬರ್ರಿ. ಶುಕ್ರವಾರದೊಳಗ ಇಲ್ಲೇ ಹೇಳ್ರಿ, ಯಾರ ಏನ ತರ್ತೀರಿ ಅಂತ.