ಗಂಗಾವತಿ ಬಸ್ಸಿನ ಅಕ್ಕನಿಗೆ

ಅಕ್ಕಾ, ನಿಮ್ಮ ಹೆಸರು ಕೇಳಲೇ ಇಲ್ಲ. ಕೊಪ್ಪಳದಿಂದ ಗಂಗಾವತಿಗೆ ಹೊರಟ ಬಸ್ಸಿನಲ್ಲಿ ನನಗೆ ಕಿಟಕಿ ಸೀಟು ಬಿಟ್ಟುಕೊಟ್ಟವರು ನೀವು. ನನಗಾಗ 43. ಮುಟ್ಟು ನಿಲ್ಲುವ ವಯಸ್ಸು ಅಂದುಕೊಂಡು ಸುಮ್ನಿದ್ದೆ, ನೋಡಿದರೆ ನಾಲ್ಕು ತಿಂಗಳು. ನನಗೂ ನನ್ನ ಗಂಡನಿಗೂ ಇದು ಎರಡನೇ ಮದುವೆ. ನನ್ನ ಮಗ, ಅವರ ಮಗಳು ಹೊಂದಿಕೊಳ್ಳೋಕೇ ಮೂರು ವರ್ಷ ಹಿಡಿದಿತ್ತು. ಸುದ್ದಿ ಕೇಳಿ ಮಗಳು ಮಾತು ಬಿಟ್ಟಿದ್ದಳು. ನಾನು ಅತ್ತಿದ್ದು ಅದಕ್ಕೇ.

ಪೇಪರಿನಲ್ಲಿ ಕಟ್ಟಿದ್ದ ಮಂಡಕ್ಕಿ ಒಗ್ಗರಣಿ ಬಿಚ್ಚಿ, "ಮೊದ್ಲು ತಿನ್ನವ್ವಾ" ಅಂದಿರಿ. ನನ್ನ ತಾಯಿ ಕಾರ್ಡ್ ತಿರುವಿ ನೋಡಿದಿರಿ. "ಈ ವಯಸ್ಸಿಗೆ ಬಿಪಿ, ಶುಗರ್ ಕಾಡ್ತಾವ, ತಪಾಸಣಿ ತಪ್ಪಿಸಬ್ಯಾಡ. ಮಗಳನ್ನೂ ಕರಕೊಂಡು ಹೋಗು, ಕೂಸಿನ ಎದಿ ಬಡಿತ ಆಕೀನೂ ಕೇಳ್ಲಿ."

ಕರೆದುಕೊಂಡು ಹೋದೆ. ಆ ಸದ್ದು ಕೇಳಿದಾಗ ಅವಳು ನನ್ನ ಸೆರಗು ಗಟ್ಟಿಯಾಗಿ ಹಿಡಿದುಕೊಂಡಳು. ಈಗ ಕೂಸಿಗೆ ಎಂಟು ತಿಂಗಳು. ದಿನಾ ಕಾಲ ಮೇಲೆ ಹಾಕಿಕೊಂಡು ಎರೆಯುವವಳು ಅವಳೇ, ಅಕ್ಕಾ.